ಬಾತುಕೋಳಿಯ ಬೇಟೆಗೆ ನಂಬತಕ್ಕ ಕೋವಿ

ಗೃಹಸ್ಥರು ಓದತಕ್ಕ ಮಾಸಪತ್ರಿಕೆಯಲ್ಲಿ ಕೋವಿಯ ಮಾತೇತಕ್ಕೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ನಮ್ಮ ದೇಶದಲ್ಲಂತೂ ಈ ಬೇಟೆಯ ಪ್ರಸಕ್ತಿಯೇ ಇಲ್ಲ. ೧೯೭೨ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಶಾಸನವೂ ಅದಕ್ಕೆ ೧೯೯೧ರಲ್ಲಿ ಆದ ತಿದ್ದುಪಡಿಯೂ ಸೇರಿ, ಹಿಂದೆ ಪರವಾನಗಿಯ ಮೇಲೆ ನಡೆಯುತ್ತಿದ್ದ ಪಕ್ಷಿಬೇಟೆಯನ್ನು ಸಂಪೂರ್ಣವಾಗಿ ನಿಲ್ಲಿಸಿದುವು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನು ನಾವು ಕಣ್ತುಂಬ ನೋಡಬಹುದೇ ಹೊರತು ಅವುಗಳತ್ತ ಕೋವಿಯೆತ್ತಕೂಡದು. ಅದು ಸರಿಯೇ ಸರಿ. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಬೇಟೆ ಶಾಸನಸಮ್ಮತವಾಗಿ ಇಂದಿಗೂ ನಡೆದಿದೆ. ನಮ್ಮ ಎಷ್ಟೋ ಮನೆಗಳ ಮಕ್ಕಳು ಮೊಮ್ಮಕ್ಕಳು ಅಲ್ಲಿ ನೆಲಸಿದ್ದಾರೆ. ನೆರೆಮನೆಯವನು ಚಳಿಗಾಲದ ನಸುಕಿನಲ್ಲಿ ನಾಯಿಯನ್ನೂ ಕೋವಿಯನ್ನೂ ಗಾಡಿಗೇರಿಸಿಕೊಂಡು ಹೊರಡುವುದನ್ನು ಕಾಣುತ್ತಾರೆ. ಆತನು ಯಾವ ಕೋವಿಯನ್ನು, ಏತಕ್ಕಾಗಿ ಆರಿಸಿಕೊಳ್ಳುತ್ತಾನೆಂಬುದು ವಿಚಾರಿಸಿ ತಿಳಿಯತಕ್ಕ ವಿಷಯವೇ ಆಗಿದೆ. ಬೇಟೆಯ ಸಾಧನವನ್ನು ಪರೀಕ್ಷಿಸಿ ಆರಿಸುವ ವಿದ್ಯೆ ನಮಗೇನೂ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೃಗಯೆಯ ಜೊತೆಗೆ, ಗಿಡುಗಗಳಿಂದ ಹಕ್ಕಿಯನ್ನು ಹಿಡಿಸುವ ಶ್ಯೇನವಿನೋದಕ್ಕೂ ಸ್ಥಳವುಂಟು.

ಬೇಟೆಯ ಸ್ವರೂಪವನ್ನರಿಯದೆ ಆಯುಧದ ಗುಣದೋಷವಿಚಾರ ಸಾಗದು. ಮಲ್ಲಾರ್ಡ್, ಸೂಜಿಬಾಲದ ಬಾತು, ಟೀಲ್ ಮೊದಲಾದ ಕಾಡುಬಾತುಗಳು ಉತ್ತರದ ಬಯಲುಗಳಲ್ಲಿ ಮರಿಮಾಡಿ, ಶರತ್ಕಾಲದಲ್ಲಿ ದಕ್ಷಿಣಾಭಿಮುಖವಾಗಿ ಹೊರಡುತ್ತವೆ. ಆರ್ಕನ್ಸಾ ಸಂಸ್ಥಾನದ ಸ್ಟಟ್‌ಗಾರ್ಟ್ ಎಂಬ ಊರಿನ ಸುತ್ತಲ ಬತ್ತದ ಗದ್ದೆಗಳೂ ನೀರುನಿಂತ ಓಕ್ ಕಾಡುಗಳೂ ಅವುಗಳಿಗೆ ಚಳಿಗಾಲದ ಪ್ರಸಿದ್ಧವಾದ ಬೀಡು. ಬೇಟೆಗಾರನು ಬೆಳಕು ಹರಿಯುವ ಮುನ್ನವೇ ಮೊಣಕಾಲುದ್ದದ ನೀರಿನಲ್ಲಿ ನಿಂತು, ಕೃತಕ ಬಾತುಗಳನ್ನು ತೇಲಬಿಟ್ಟು, ಪೀಪಿಯಂತಹ ಒಂದು ಸಾಧನವನ್ನೂದಿ ಹಕ್ಕಿಗಳನ್ನು ಕರೆಯುತ್ತಾನೆ. ನೀರು ಹೆಪ್ಪುಗಟ್ಟುವ ಚಳಿ. ಬೆರಳುಗಳು ಮರಗಟ್ಟಿವೆ. ಕೋವಿಯ ಮೇಲೆ ಮಂಜು, ಕೆಸರು, ಆಪಿನ ಹುಲ್ಲಿನ ಚೂರು. ಹಕ್ಕಿಯೋ ಗಂಟೆಗೆ ನಲವತ್ತು ಐವತ್ತು ಮೈಲಿಯ ವೇಗದಲ್ಲಿ ಬಂದು ಕ್ಷಣಮಾತ್ರ ಕಾಣುತ್ತದೆ. ಆಗ ಕೋವಿ ಸಿಡಿಯದೆಹೋದರೆ ಹಕ್ಕಿ ಬದುಕಿಕೊಂಡಿತು. ಅದರಿಂದ ಲೋಕಕ್ಕೆ ನಷ್ಟವೇನೂ ಇಲ್ಲ. ಆದರೆ ಈಡು ಅರೆಬರೆಯಾಗಿ ತಗುಲಿದರೆ, ಗಾಯಗೊಂಡ ಹಕ್ಕಿಯು ಜೊಂಡಿನೊಳಗೆ ನುಸುಳಿ, ನಾಯಿಗೂ ಸಿಕ್ಕದೆ, ನರಳಿ ನರಳಿ ಸಾಯುತ್ತದೆ. ನಂಬತಕ್ಕ ಕೋವಿಯೆಂದರೆ ಈ ಎರಡನೆಯ ಅನರ್ಥವನ್ನು ಆದಷ್ಟು ತಪ್ಪಿಸುವ ಕೋವಿಯೆಂದೇ ತಿಳಿಯಬೇಕು. ಅತಿದೂರದ ಹಕ್ಕಿಯನ್ನು ಕೆಡಹುವುದೇ ದೊಡ್ಡ ಗುಣವೆಂದು ಸಾರುವ ಜಾಹೀರಾತುಗಳಲ್ಲಿ ನನಗೆ ವಿಶ್ವಾಸವಿಲ್ಲ.

ಈ ಕೋವಿಯಲ್ಲಿ ಸಿಡಿಯುವುದು ಒಂಟಿ ಗುಂಡಲ್ಲ, ನೂರಕ್ಕೂ ಮಿಕ್ಕ ಸಣ್ಣ ಚರೆಗಳ ಗುಚ್ಛ. ನಳಿಗೆಯ ಗಾತ್ರವನ್ನು ಹೇಳುವ ಕ್ರಮವು ವಿಚಿತ್ರವಾದುದು. ಒಂದು ಪೌಂಡು ಸೀಸವನ್ನು ಹನ್ನೆರಡು ಸಮಭಾಗಮಾಡಿ ಉಂಡೆಕಟ್ಟಿದರೆ, ಅದರಲ್ಲೊಂದು ಯಾವ ನಳಿಗೆಯಲ್ಲಿ ಸರಿಯಾಗಿ ಕೂಡುವುದೋ ಅದು ೧೨ ಬೋರು. ಆದುದರಿಂದ ಅಂಕಿ ಹೆಚ್ಚಿದಷ್ಟೂ ನಳಿಗೆ ಕಿರಿದು. ೧೨ ಬೋರಿನ ಒಳವ್ಯಾಸ ಸುಮಾರು ೧೮.೫ ಮಿಲಿಮೀಟರು, ೨೦ ಬೋರಿನದು ೧೫.೬. ಕೈಲ್‌ಮುಹೂರ್ತದಂದು ಕೋವಿಗೆ ಹೂವೇರಿಸಿ ಪೂಜಿಸುವ ಕೊಡಗಿನ ಮನೆಗಳವರಿಗೆ ಈ ೧೨ ಬೋರಿನ ತೋಟಾಕೋವಿ ಅಪರಿಚಿತವಲ್ಲ. ಬಾತುಬೇಟೆಗೂ ಅದೇ ಸರ್ವೋತ್ತಮ.

ಹಿಂದೆ ಇಂತಹ ಮಿತಿಯಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಚೆಸಪೀಕ್ ಕೊಲ್ಲಿಯ ಮಾಂಸದ ವ್ಯಾಪಾರಿಗಳು ದೋಣಿಗೆ ಫಿರಂಗಿಯಂತಹ ಕೋವಿಯನ್ನು ಕಟ್ಟಿ, ನೀರಿನ ಮೇಲೆ ತಂಗಿದ್ದ ಹಿಂಡುಗಳನ್ನು ಒಂದೇ ಈಡಿಗೆ ಡಜನ್‌ಗಟ್ಟಲೆ ಕೆಡಹುತ್ತಿದ್ದರು. ೧೯೧೬ರಲ್ಲಿ ಅಮೆರಿಕಕ್ಕೂ ಕೆನಡದ ಪರವಾಗಿ ಬ್ರಿಟನ್ನಿಗೂ ಒಪ್ಪಂದವಾಗಿ, ೧೯೧೮ರಲ್ಲಿ ವಲಸೆಹಕ್ಕಿಗಳ ಶಾಸನವು ಬಂದಿತು. ಅದರ ನಿಯಮಗಳ ಮೇರೆಗೆ ೧೦ ಬೋರಿಗಿಂತ ದೊಡ್ಡ ಕೋವಿ ವರ್ಜ್ಯ. ೧೯೩೫ರಲ್ಲಿ ಇನ್ನೂ ಬಿಗಿಯಾಯಿತು: ಜೀವಂತ ಬಾತುಗಳನ್ನು ಕಟ್ಟಿ ಕಾಡುಬಾತುಗಳನ್ನು ಮರುಳುಗೊಳಿಸಕೂಡದು, ಕಾಳು ಚೆಲ್ಲಿ ಬರಮಾಡಕೂಡದು, ಕೋವಿಯು ಒಟ್ಟು ಮೂರು ತೋಟಾಗಳಿಗಿಂತ ಹೆಚ್ಚು ಹಿಡಿಯಕೂಡದು. ಇಂದಿಗೂ ಅಲ್ಲಿ ಬಾತುಬೇಟೆಗೆ ಹೊರಟವನು ತನ್ನ ಕೋವಿಯ ತೋಟಾ ತುಂಬುವ ಕೊಳವೆಯೊಳಗೆ ಒಂದು ಗೂಟವನ್ನಿಟ್ಟು, ತಾನಾಗಿಯೇ ಅದರ ಹೊಟ್ಟೆಯನ್ನು ಕಿರಿದುಮಾಡಿಕೊಳ್ಳುತ್ತಾನೆ. ಇದಕ್ಕೂ ಒಂದು ವರ್ಷ ಮೊದಲು, ೧೯೩೪ರಲ್ಲಿ, ಬಾತುಬೇಟೆಯ ಚೀಟಿಯೆಂಬ ಮುದ್ರೆಯನ್ನು ಬೇಟೆಗಾರನು ಕೊಳ್ಳಲೇಬೇಕೆಂದು ವಿಧಿಸಿದರು. ಮೊದಲನೆಯ ಚೀಟಿಯ ಚಿತ್ರವನ್ನು ಬರೆದಾತನು ವ್ಯಂಗ್ಯಚಿತ್ರಕಾರ ಡಾರ್ಲಿಂಗ್ ಎಂಬವನು. ಒಂದು ಡಾಲರಿಗೆ ಮೊದಲಾದ ಆ ಚೀಟಿಯ ಬೆಲೆ ೨೦೧೫ರಲ್ಲಿ ೨೫ ಡಾಲರಿಗೆ ಏರಿತು. ಆ ಹಣದಿಂದ ೬೦ ಲಕ್ಷ ಎಕರೆಗೂ ಮೇಲ್ಪಟ್ಟ ಜೌಗುನೆಲಕ್ಕೆ ರಕ್ಷಣೆ ದೊರೆತಿದೆ. ಹೀಗೆ ಅಲ್ಲಿ ಲೆಕ್ಕ ಕಟ್ಟುತ್ತಿದ್ದ ಕಾಲದಲ್ಲಿಯೇ, ೧೯೩೮ರ ನವೆಂಬರು ೧೨ರಂದು, ನಮ್ಮ ಭರತಪುರದ ಕೆರೆಗಳಲ್ಲಿ ವೈಸರಾಯ್ ಲಿನ್‌ಲಿತ್‌ಗೋರವರ ಪರಿವಾರವು ಒಂದೇ ದಿನದಲ್ಲಿ ೪,೨೭೩ ಹಕ್ಕಿಗಳನ್ನು ಕೊಂದಿತು. ಕೇವಲಾದೇವ ಉದ್ಯಾನದಲ್ಲಿ ಆ ಅಂಕಿಯನ್ನು ಕಲ್ಲಿನಲ್ಲಿ ಕೆತ್ತಿಟ್ಟಿದ್ದಾರೆ. ಅಲ್ಲಿ ಉಪಯೋಗಿಸಿದ ಕೋವಿಗಳು ಉತ್ತಮವಾದುವೇ ಆಗಿದ್ದಿರಬೇಕು!

ಕೋವಿಯ ಆಯ್ಕೆಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಬದಲಿಸಿದುದು ಸೀಸದ ನಿಷೇಧ. ಬಾತುಗಳು ಧಾನ್ಯವನ್ನು ಅರೆಯುವುದಕ್ಕಾಗಿ ಸಣ್ಣ ಕಲ್ಲುಗಳನ್ನು ನುಂಗುವುದು ಸ್ವಭಾವ. ಕೆರೆಯ ತಳದಲ್ಲಿ ಬಿದ್ದ ಸೀಸದ ಚರೆಗಳನ್ನೂ ಕಲ್ಲೆಂದೇ ನುಂಗುತ್ತವೆ. ಹೊಟ್ಟೆಯಲ್ಲಿ ಅದು ಅರೆದು ರಕ್ತಕ್ಕಿಳಿದು ಹಕ್ಕಿಯನ್ನು ಕೊಲ್ಲುತ್ತದೆ. ಆ ಹಕ್ಕಿಯನ್ನು ತಿಂದ ಬಿಳಿತಲೆಯ ಗರುಡನಿಗೂ ಅದೇ ಗತಿ. ಶರತ್ಕಾಲದ ಬಾತುಗಳಲ್ಲಿ ನೂರಕ್ಕೆ ಎರಡು ಮೂರು ಹೀಗೆ ಸಾಯುತ್ತವೆಂದು ಫ್ರ್ಯಾಂಕ್ ಬೆಲ್‌ರೋಸ್ ಎಂಬ ವಿಜ್ಞಾನಿಯು ೧೯೫೯ರಲ್ಲಿ ಗಣಿಸಿದನು. ಯಾವ ಹಕ್ಕಿಗೆ ಗುರಿಯಿಟ್ಟಿರಲಿಲ್ಲವೋ ಅದೂ ಹತವಾಗುವುದೆಂದರೆ ಅದು ಬೇಟೆಯಲ್ಲ, ವಿಷಪ್ರಯೋಗ. ೧೯೯೧ರಿಂದ ಅಮೆರಿಕದಲ್ಲೆಲ್ಲ ನೀರುಹಕ್ಕಿಗಳ ಬೇಟೆಗೆ ಸೀಸವು ನಿಷಿದ್ಧ. ಯೂರೋಪಿನ ಒಕ್ಕೂಟವು ೨೦೨೩ರಲ್ಲಿ ಜೌಗುಪ್ರದೇಶಗಳಲ್ಲಿ ಅದನ್ನೇ ಮಾಡಿತು.

ಈಗ ಬಳಕೆಯಲ್ಲಿರುವುದು ಬಹುಮಟ್ಟಿಗೆ ಉಕ್ಕಿನ ಚರೆ. ಸೀಸದ ಸಾಂದ್ರತೆ ೧೧.೩ ಆದರೆ ಉಕ್ಕಿನದು ೭.೮ ಮಾತ್ರ. ಹಗುರವಾದುದು ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುವುದಷ್ಟೆ. ಆದುದರಿಂದ ಎರಡು ಅಳತೆ ದಪ್ಪವಾದ ಚರೆಯನ್ನು ಆರಿಸಬೇಕು. ಸೀಸದಲ್ಲಿ ೬ನೆಯ ನಂಬರು ಸಾಕಾಗಿದ್ದಲ್ಲಿ ಉಕ್ಕಿನಲ್ಲಿ ೪ನೆಯದು, ಸೀಸದ ೪ನೆಯದಿದ್ದಲ್ಲಿ ಉಕ್ಕಿನ ೨ನೆಯದು. (ಇಲ್ಲಿಯೂ ಅಂಕಿ ಇಳಿದಂತೆ ಗಾತ್ರ ಏರುತ್ತದೆ, ಕೋವಿಯವರ ಗಣಿತವೇ ತಲೆಕೆಳಗು.) ಚರೆ ದಪ್ಪವಾದರೆ ಅಷ್ಟೇ ಸಂಖ್ಯೆಯನ್ನು ಹಿಡಿಸಲು ತೋಟಾ ದೊಡ್ಡದಾಗಬೇಕು. ೧೨ ಬೋರಿನಲ್ಲಿ ೨¾, ೩, ೩½ ಅಂಗುಲದ ತೋಟಾಗಳುಂಟು. ಮೂರಂಗುಲದ್ದು ಎಲ್ಲ ಬಾತುಗಳಿಗೂ ಸಾಕು. ಮೂರೂವರೆಯದು ಭುಜವನ್ನು ಗುದ್ದುವ ಗುದ್ದಿಗೆ ಹೆದರಿ, ಕುದುರೆಯನ್ನೆಳೆಯುವಾಗಲೇ ಕಣ್ಣುಮುಚ್ಚುವವರು ಎಷ್ಟೋ ಮಂದಿ. ಕಣ್ಣು ಮುಚ್ಚಿದವನ ಈಡು ಹಕ್ಕಿಯ ಎದೆಗೆ ತಗುಲದೆ ರೆಕ್ಕೆಗೆ ತಗುಲುತ್ತದೆ. ಹಣವುಳ್ಳವರು ಬಿಸ್ಮತ್ ಅಥವಾ ಟಂಗ್‌ಸ್ಟನ್ ಚರೆಯನ್ನು ಕೊಳ್ಳುತ್ತಾರೆ. ಬಿಸ್ಮತ್ತು ಸೀಸಕ್ಕೆ ಸಮೀಪದ ತೂಕದ್ದು, ಟಂಗ್‌ಸ್ಟನ್ನಿನ ಉತ್ತಮ ಜಾತಿಗಳು ಸೀಸವನ್ನೂ ಮೀರಿದುವು, ಬೆಲೆಯೂ ಹಾಗೆಯೇ.

ಇನ್ನು ಯಂತ್ರದ ವಿಚಾರ. ಪ್ರಾಚೀನವಾದುದು ಮಡಿಸಿ ತೋಟಾ ತುಂಬುವ ಜೋಡುನಳಿಗೆ. ಚಲಿಸುವ ಅಂಗಗಳು ಕಡಮೆ. ನಳಿಗೆಯಲ್ಲಿ ಕೆಸರು ಸೇರಿದೆಯೇ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಮಡಿಸಿಟ್ಟಾಗ ಜೊತೆಯವರಿಗೆ ಭಯವಿಲ್ಲ. ಈಡು ಮಾತ್ರ ಎರಡೇ. ಎರಡನೆಯದು ಪಂಪು ಕೋವಿ. ನಳಿಗೆಯ ಕೆಳಗಣ ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆದರೆ ಸುಟ್ಟ ತೋಟಾ ಹೊರಬಿದ್ದು ಹೊಸತು ಒಳಸೇರುತ್ತದೆ. ೧೯೧೨ರ ವಿಂಚೆಸ್ಟರ್ ೧೨ನೆಯ ಮಾದರಿಯೂ, ೧೯೫೦ರ ರೆಮಿಂಗ್‌ಟನ್ ೮೭೦ ಎಂಬುದೂ, ೧೯೬೧ರ ಮಾಸ್‌ಬರ್ಗ್ ೫೦೦ ಎಂಬುದೂ ಈ ಜಾತಿಯಲ್ಲಿ ಹೆಸರಾದುವು. ೮೭೦ ಮಾದರಿಯನ್ನು ಒಂದು ಕೋಟಿಗೂ ಮಿಕ್ಕು ತಯಾರಿಸಿದ್ದಾರೆ. ಇದನ್ನು ನಡೆಸುವ ಬಲ ಮನುಷ್ಯನ ತೋಳಿನದು. ತೋಟಾ ಬಲವಾಗಿರಲಿ ದುರ್ಬಲವಾಗಿರಲಿ, ಮಂಜಿರಲಿ ಮಣ್ಣಿರಲಿ, ತೋಳು ಎಳೆದರೆ ಅದು ನಡೆಯಿತು. ಸಾಮಾನ್ಯನು ಕೊಳ್ಳಬಹುದಾದ ಬೆಲೆಯಲ್ಲಿ ಇದಕ್ಕಿಂತ ನೆಚ್ಚಿನ ಕೋವಿಯಿಲ್ಲವೆಂಬುದು ನನ್ನ ಅಭಿಪ್ರಾಯ.

ಮೂರನೆಯದು ಸ್ವಯಂಚಾಲಿ. ಒಮ್ಮೆ ಕುದುರೆಯೆಳೆದರೆ ಒಂದೇ ಈಡು. ಮುಂದಿನ ತೋಟಾ ತಾನಾಗಿ ಏರುತ್ತದೆ. ಇದರ ಮೂಲಪುರುಷನು ಜಾನ್ ಮೋಸಸ್ ಬ್ರೌನಿಂಗ್. ಬೆನ್ನು ಗೂನಾದ ಆತನ ಕೋವಿ ೧೯೦೨ರಿಂದ ಬೆಲ್ಜಿಯಮಿನಲ್ಲಿ ತಯಾರಾಗಿ ಸುಮಾರು ಒಂದು ಶತಮಾನ ಮಾರುಕಟ್ಟೆಯಲ್ಲಿತ್ತು. ಅದರಲ್ಲಿ ನಳಿಗೆಯೇ ಹಿಂದಕ್ಕೆ ಜರುಗಿ ಯಂತ್ರವನ್ನು ನಡೆಸುತ್ತಿತ್ತು. ಈಚಿನವುಗಳಲ್ಲಿ ಎರಡು ಬಗೆ. ಒಂದರಲ್ಲಿ ಸಿಡಿದ ಮದ್ದಿನ ಅನಿಲವನ್ನು ನಳಿಗೆಯ ರಂಧ್ರದಿಂದ ತೆಗೆದುಕೊಂಡು ಒಂದು ಕೊಂತವನ್ನು ತಳ್ಳುತ್ತಾರೆ. ಭುಜಕ್ಕೆ ಪೆಟ್ಟು ಕಡಮೆ. ಆದರೆ ಮಸಿ ಕಟ್ಟುತ್ತದೆ, ತೊಳೆಯದೆ ಬಿಟ್ಟರೆ ಸಿಕ್ಕಿಕೊಳ್ಳುತ್ತದೆ. ಇನ್ನೊಂದು, ಇಟಲಿಯ ಉರ್ಬಿನೋ ಪಟ್ಟಣದ ಬೆನೆಲಿ ಕಾರ್ಖಾನೆಯವರು ಪ್ರಸಿದ್ಧಿಗೆ ತಂದ ಜಡತ್ವದ ಕ್ರಮ. ಕೋವಿಯು ಹಿಂದಕ್ಕೆ ಒದೆದಾಗ ಅದರೊಳಗಣ ಭಾರವಾದ ಅಗುಳಿಯು ತಾನಿದ್ದಲ್ಲಿಯೇ ಇರಲು ಯತ್ನಿಸಿ, ನಡುವಣ ಬಲವಾದ ಸುರುಳಿಯನ್ನು ಅಮುಕುತ್ತದೆ. ಸುರುಳಿ ಮರಳಿ ಚಿಮ್ಮಿ ಅಗುಳಿಯನ್ನು ಹಿಂದೂಡುತ್ತದೆ. ಮಸಿ ಒಳಕ್ಕೆ ಬಾರದು, ಅಂಗಗಳು ಕಡಮೆ, ಚಳಿಗೂ ಕೆಸರಿಗೂ ತಾಳುತ್ತದೆ. ಇದಕ್ಕೂ ಒಂದು ದೋಷವುಂಟು: ಸದ್ದಾಗದಿರಲೆಂದು ಅಗುಳಿಯನ್ನು ಮೆಲ್ಲನೆ ಮುಚ್ಚಿದರೆ ಅದು ಪೂರಾ ತಿರುಗಿ ಕೂಡದೆ, ಕುದುರೆಯೆಳೆದಾಗ ‘ಟಕ್’ ಎಂದು ಸುಮ್ಮನಾಗಬಹುದು. ಯಾವ ಬಗೆಯಾದರೂ ಚಳಿನಾಡಿನಲ್ಲಿ ಎಣ್ಣೆಯನ್ನು ಹೆಚ್ಚು ಬಳಿಯಬಾರದು. ಅದು ಗಟ್ಟಿಯಾಗಿ ಅಂಟಿನಂತಾಗುತ್ತದೆ.

ನಳಿಗೆಯ ತುದಿಯನ್ನು ಕೊಂಚ ಬಿಗಿಮಾಡಿ ಚರೆಯ ಹರವನ್ನು ಅಂಕೆಯಲ್ಲಿಡುವ ಏರ್ಪಾಡಿಗೆ ಚೋಕು ಎಂದು ಹೆಸರು. ೪೦ ಗಜ ದೂರದಲ್ಲಿ ೩೦ ಅಂಗುಲದ ವೃತ್ತದೊಳಗೆ ನೂರಕ್ಕೆ ಎಷ್ಟು ಚರೆ ಬೀಳುವುವೆಂಬುದು ಇದರ ಅಳತೆ: ಪೂರ್ಣ ಚೋಕಿನಲ್ಲಿ ಸುಮಾರು ೭೦, ಮಧ್ಯಮದಲ್ಲಿ ೬೦. ಇವು ಸೀಸಕ್ಕೆ ಹೇಳಿದ ಲೆಕ್ಕಗಳು. ಉಕ್ಕು ನಜ್ಜಾಗದೆ ಗುಂಡಾಗಿಯೇ ಹೋಗುವುದರಿಂದ ಗುಚ್ಛವು ಬಿಗಿಯಾಗಿರುತ್ತದೆ. ಮಧ್ಯಮ ಚೋಕೇ ಸಾಕು. ಅಂಗಡಿಯವನ ಮಾತನ್ನು ಬಿಟ್ಟು, ದೊಡ್ಡ ಕಾಗದವನ್ನು ತೂಗಹಾಕಿ, ತಾನು ಉಪಯೋಗಿಸತಕ್ಕ ತೋಟಾದಿಂದಲೇ ನಾಲ್ಕಾರು ಬಾರಿ ಸುಟ್ಟು ನೋಡಬೇಕು. ಬಾತಿನ ಮೈಯಷ್ಟು ದೊಡ್ಡ ಬಯಲು ನಡುವೆ ಎಲ್ಲಿಯೂ ಉಳಿಯಬಾರದು. ಎಷ್ಟು ಗಜದಲ್ಲಿ ಬಯಲು ಕಾಣತೊಡಗುವುದೋ ಅದರಾಚೆಯ ಹಕ್ಕಿಯ ಮೇಲೆ ಈಡು ಮಾಡಕೂಡದು. ಈ ಪರೀಕ್ಷೆಯನ್ನು ಮಾಡದೆಯೇ ಬೇಟೆಗೆ ಹೊರಡುವವರು ಬಹಳ.

ತೂಕ ಏಳೆಂಟು ಪೌಂಡಿರಲಿ, ನಳಿಗೆ ೨೬ರಿಂದ ೨೮ ಅಂಗುಲವಿರಲಿ. ನಳಿಗೆ ಉದ್ದವಾದಷ್ಟೂ ದೂರ ಹೊಡೆಯುತ್ತದೆಂಬುದು ಕರಿಮದ್ದಿನ ಕಾಲದ ನಂಬಿಕೆ. ದಪ್ಪನಾದ ಚಳಿಯಂಗಿಯನ್ನು ತೊಟ್ಟೇ ಕೋವಿಯನ್ನು ಭುಜಕ್ಕೇರಿಸಿ ನೋಡಿ ಕೊಳ್ಳಬೇಕು. ಬರಿಯ ಅಂಗಿಯಲ್ಲಿ ಸರಿಯೆನಿಸಿದ ಹಿಡಿಯು ಜೌಗಿನಲ್ಲಿ ಕಂಕುಳಿಗೆ ತೊಡರುತ್ತದೆ.

ಹಳೆಯ ಕೋವಿಯನ್ನು ಕೊಳ್ಳುವವರು ಇನ್ನೂ ಎಚ್ಚರವಾಗಿರಬೇಕು. ತಾತನ ಕಾಲದ, ತಂತಿ ಹೆಣೆದು ಬೆಸೆದ ಡಮಾಸ್ಕಸ್ ನಳಿಗೆಗೆ ಈಗಿನ ತೋಟಾ ಸಲ್ಲದು. ಪೂರ್ಣ ಚೋಕಿನ ಹಳೆಯ ನಳಿಗೆಯಲ್ಲಿ ಉಕ್ಕಿನ ಚರೆಯನ್ನು ಸುಟ್ಟರೆ ತುದಿ ಉಬ್ಬಬಹುದು. ನಳಿಗೆಯ ಮೇಲೆ ಕೆತ್ತಿರುವುದಕ್ಕಿಂತ ಉದ್ದವಾದ ತೋಟಾವನ್ನು ಎಂದಿಗೂ ತುಂಬಬಾರದು. ೧೨ ಬೋರಿನ ಕೋವಿಯಿರುವ ಮನೆಯಲ್ಲಿ ೨೦ ಬೋರಿನ ತೋಟಾ ಬೆರೆಯಬಾರದು. ಅದು ನಳಿಗೆಯೊಳಗೆ ಜಾರಿ ಅಡ್ಡನಿಂತು, ಹಿಂದಿನಿಂದ ೧೨ರ ತೋಟಾ ಸಿಡಿದರೆ ನಳಿಗೆ ಒಡೆದು ಕೈಯೇ ಹೋಗುವುದು. ಈ ಕಾರಣದಿಂದಲೇ ೨೦ ಬೋರಿನ ತೋಟಾಗಳಿಗೆ ಹಳದಿಯ ಬಣ್ಣ ಕೊಟ್ಟಿದ್ದಾರೆ. ತುದಿಯಲ್ಲಿ ಮೆತ್ತಿದ ಕೆಸರಿಗೂ ಹಿಮಕ್ಕೂ ಅಷ್ಟೇ ಕೇಡುಂಟು. ದೋಣಿಯಿಂದಿಳಿದವನು, ಎಡವಿ ಬಿದ್ದವನು, ತೋಟಾಗಳನ್ನೆಲ್ಲ ತೆಗೆದು, ನಳಿಗೆಯನ್ನು ಹಿಂದಿನಿಂದ ಬೆಳಕಿಗೆ ಹಿಡಿದು ಒಮ್ಮೆ ನೋಡಿ, ಆಮೇಲೆ ಮತ್ತೆ ತುಂಬಬೇಕು.