ಬಡಾವಣೆಯ ವ್ಯಾಯಾಮಶಾಲೆ: ಕಟ್ಟಲು ಹಣವುಂಟು, ನಡೆಸಲು?

ಬೆಂಗಳೂರು: ಕೆಳಗೆ ಸಮುದಾಯ ಭವನ, ಮಹಡಿಯಲ್ಲಿ ವ್ಯಾಯಾಮಶಾಲೆ. ನಗರಗಳ ಬಡಾವಣೆಗಳಲ್ಲಿ ಜನಪ್ರತಿನಿಧಿಗಳು ನೀಡುವ ಭರವಸೆಗಳ ಪೈಕಿ ಇದಕ್ಕೆ ಕಾಯಂ ಸ್ಥಾನವಿದೆ. ಭರವಸೆ ಈಡೇರುವುದೂ ಉಂಟು. ತೊಂದರೆ ಎದುರಾಗುವುದು ಸಾಮಾನ್ಯವಾಗಿ ಉದ್ಘಾಟನೆಯ ನಂತರ.

ಕಟ್ಟಡಕ್ಕೆ ಹಣ ಹಲವು ಬಾಗಿಲುಗಳಿಂದ ಬರುತ್ತದೆ. 1993ರಲ್ಲಿ ಆರಂಭವಾದ ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯಡಿ ಪ್ರತಿ ಸಂಸದರ ಹೆಸರಿನಲ್ಲಿ ವರ್ಷಕ್ಕೆ 5 ಕೋಟಿ ರೂ. ಮೀಸಲಿರುತ್ತದೆ. ರಾಜ್ಯದ ಶಾಸಕರ ನಿಧಿಯ ಮೊತ್ತ ವರ್ಷಕ್ಕೆ 2 ಕೋಟಿ ರೂ. ಇವುಗಳ ಜೊತೆಗೆ ನಗರಪಾಲಿಕೆಯ ಬಜೆಟ್ ಹಾಗೂ ನಗರೋತ್ಥಾನದಂತಹ ರಾಜ್ಯ ಯೋಜನೆಗಳಿವೆ. ಹಣ ‘ಸಂಸದರದ್ದು’ ಎಂದು ನಾಮಫಲಕ ಹೇಳಿದರೂ ಅವರ ಅಧಿಕಾರ ಶಿಫಾರಸಿಗೆ ಸೀಮಿತ. ಮಂಜೂರು ಮಾಡುವುದು ಜಿಲ್ಲಾಡಳಿತ. ಯೋಜನೆಯ ಸಿಂಧುತ್ವವನ್ನು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2010ರಲ್ಲಿ ಎತ್ತಿಹಿಡಿದಿದೆ.

ಬೆಂಗಳೂರಿನ ಮಟ್ಟಿಗೆ ಈ ನಿಧಿಗಳ ತೂಕ ಇನ್ನೂ ಹೆಚ್ಚಿತು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಬಳಿಕ ಚುನಾವಣೆಯೇ ನಡೆಯದೆ 2025ರಲ್ಲಿ ಆ ಪಾಲಿಕೆ ಐದು ನಗರಪಾಲಿಕೆಗಳಾಗಿ ವಿಭಜನೆಗೊಂಡಿತು. ವಾರ್ಡಿನ ಸದಸ್ಯರಿಲ್ಲದ ಆ ಅವಧಿಯಲ್ಲಿ ನಿವಾಸಿಗಳು ಮನವಿ ಹಿಡಿದು ನೇರವಾಗಿ ಶಾಸಕರ ಕಚೇರಿಗೇ ಹೋಗಬೇಕಾಯಿತು.

ಹಣಕ್ಕಿಂತ ದೊಡ್ಡ ತೊಡಕು ಜಾಗದ್ದು. ಬಡಾವಣೆಯಲ್ಲಿ ಖಾಲಿ ಉಳಿದಿರುವುದು ಹೆಚ್ಚಾಗಿ ಉದ್ಯಾನವೊಂದೇ ಆದ್ದರಿಂದ ಎಲ್ಲರ ಕಣ್ಣು ಅದರ ಮೇಲೆ ಬೀಳುತ್ತದೆ. ಸದಾಶಿವನಗರದ ಭಾಗದಲ್ಲಿ ಉದ್ಯಾನಕ್ಕೆ ಮೀಸಲಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದ್ದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪಿತ್ತು, ಬಯಲು ಜಾಗ ಉಳಿಸಿಕೊಳ್ಳಲು ನ್ಯಾಯಾಲಯಕ್ಕೆ ಹೋಗುವ ಹಕ್ಕು ಬಡಾವಣೆಯ ಜನರಿಗಿದೆ ಎಂದು ಸ್ಪಷ್ಟಪಡಿಸಿತು. ಉದ್ಯಾನ, ಆಟದ ಮೈದಾನಗಳ ರಕ್ಷಣೆಗೆಂದೇ ರಾಜ್ಯದಲ್ಲಿ 1985ರ ಕಾಯಿದೆಯೂ ಇದೆ. ವ್ಯಾಯಾಮಶಾಲೆ ಸಾರ್ವಜನಿಕ ಉದ್ದೇಶದ್ದೇ ನಿಜ. ಆದರೆ ಮಕ್ಕಳು ಆಡುವ ಜಾಗವನ್ನು ಕಬಳಿಸಿ ಆರೋಗ್ಯ ಕೇಂದ್ರ ಕಟ್ಟುವುದು ವಿಚಿತ್ರವೇ ಸರಿ. ನಾಗರಿಕ ಸೌಲಭ್ಯಕ್ಕೆಂದು ಬಿಟ್ಟ ಸಿ.ಎ. ನಿವೇಶನ ಇಂಥ ಕಟ್ಟಡಕ್ಕೆ ಯೋಗ್ಯ.

ಜಾಗ ಸಿಕ್ಕ ಮೇಲಿನದು ಕಡತದ ಹಾದಿ. ಅಂದಾಜು ಪಟ್ಟಿ, ತಾಂತ್ರಿಕ ಮತ್ತು ಆಡಳಿತಾತ್ಮಕ ಮಂಜೂರಾತಿ, 1999ರ ಪಾರದರ್ಶಕತೆ ಕಾಯಿದೆಯಂತೆ ಟೆಂಡರು. ಆ ಕಾಯಿದೆಯ 4(ಜಿ) ವಿನಾಯಿತಿ ದೊರೆತರೆ ಟೆಂಡರಿಲ್ಲದೆಯೂ ಕಾಮಗಾರಿ ವಹಿಸಬಹುದು.

ಇಷ್ಟೆಲ್ಲ ಆದ ಮೇಲೆ ಏಳುವ ಪ್ರಶ್ನೆ: ಬೆಳಿಗ್ಗೆ 5 ಗಂಟೆಗೆ ಬೀಗ ತೆಗೆಯುವವರು ಯಾರು? ಸಂಸದರ ನಿಧಿ ಆಸ್ತಿ ಸೃಷ್ಟಿಗೆ ಮೀಸಲು. ತರಬೇತುದಾರರ ಸಂಬಳ, ವಿದ್ಯುತ್ ಬಿಲ್ಲಿನಂತಹ ಆವರ್ತ ವೆಚ್ಚಕ್ಕೆ ಅಲ್ಲಿ ಅವಕಾಶವಿಲ್ಲ. ಹಳೆಯ ಗರಡಿಮನೆಗೆ ಮಟ್ಟಿಯ ಮಣ್ಣು, ಗದೆ, ಒಬ್ಬ ಉಸ್ತಾದ್ ಇದ್ದರೆ ಸಾಕಿತ್ತು. ಟ್ರೆಡ್‌ಮಿಲ್‌ಗಾದರೋ ಕರೆಂಟು ಬೇಕು, ಪಟ್ಟಿ ಸವೆದರೆ ಬಿಡಿಭಾಗ ಬೇಕು. ಮಹಿಳೆಯರಿಗೆ ಪ್ರತ್ಯೇಕ ವೇಳೆ ಮತ್ತು ಮಹಿಳಾ ತರಬೇತುದಾರರು ಬೇಕೆಂದರೆ ಇನ್ನೊಂದು ಸಂಬಳ. ಈ ಖರ್ಚಿಗೆ ಪಾಲಿಕೆ ತನ್ನ ಬಜೆಟ್‌ನಲ್ಲಿ ಪ್ರತಿವರ್ಷ ಹಣವಿಡಬೇಕು, ಇಲ್ಲವೇ ಸದಸ್ಯರಿಂದ ಶುಲ್ಕ ಪಡೆಯಬೇಕು. ಗುತ್ತಿಗೆಗೆ ಕೊಟ್ಟರೆ ಬೀಗವೇನೋ ತೆರೆಯುತ್ತದೆ. ಆದರೆ ಶುಲ್ಕಕ್ಕೆ ಮಿತಿ ಹಾಕದಿದ್ದರೆ ತೆರಿಗೆ ಹಣದಿಂದ ಎದ್ದ ಕಟ್ಟಡದೊಳಗೆ ಬಡವರ ಮಕ್ಕಳಿಗೇ ಪ್ರವೇಶವಿಲ್ಲದಂತಾಗುತ್ತದೆ.

ನಿಯಮ ಮಾಡಿದವರಿಗೆ ಇದು ತಿಳಿಯದ ಸಂಗತಿಯಲ್ಲ. ಕಾಮಗಾರಿ ಮಂಜೂರು ಮಾಡುವ ಮುನ್ನ ಬಳಕೆದಾರ ಸಂಸ್ಥೆಯಿಂದ ನಿರ್ವಹಣೆಯ ಬಗ್ಗೆ ಖಚಿತ ಭರವಸೆ ಪಡೆಯಬೇಕೆಂದು ಸಂಸದರ ನಿಧಿಯ ಮಾರ್ಗಸೂಚಿಯೇ ಹೇಳಿದೆ. ಹಾಗೆ ಪಡೆದ ಭರವಸೆ ಕಡತದಲ್ಲಿ ಸೇರಿದ ಒಂದು ಹಾಳೆಯಾಗಿ ಉಳಿಯದೆ ಪಾಲಿಕೆಯ ಬಜೆಟ್ ಪುಟಕ್ಕೆ ಬಂದಿದೆಯೇ ಎಂಬುದನ್ನು ಭೂಮಿಪೂಜೆಗೆ ಮೊದಲೇ ನಿವಾಸಿಗಳ ಸಂಘ ವಿಚಾರಿಸುವುದು ಒಳಿತು. ಆ ಹಾಳೆ, ಅಂದಾಜು ಪಟ್ಟಿ, ಜಾಗದ ದಾಖಲೆ ಮೂರಕ್ಕೂ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಬಹುದು. ಶುಲ್ಕ 10 ರೂ., ಉತ್ತರಕ್ಕೆ ಗಡುವು 30 ದಿನ.