ಕಡಲಡಿಯ ರೆಗ್ಯುಲೇಟರ್: ಕೊಳ್ಳುವ ಮೊದಲು ಕೇಳಬೇಕಾದ ಮಾತು

ರೆಗ್ಯುಲೇಟರ್ ಎಂದರೆ ನಮ್ಮ ಮನೆಗಳಲ್ಲಿ ಎರಡೇ. ಒಂದು ಫ್ಯಾನಿನದು, ಇನ್ನೊಂದು ಅಡುಗೆಮನೆಯ ಗ್ಯಾಸ್ ಸಿಲಿಂಡರಿನದು. ಈಗ ಮೂರನೆಯದೊಂದು ಗಲ್ಫ್‌ನಿಂದ ರಜೆಗೆ ಬರುವ ಮಕ್ಕಳ ಬ್ಯಾಗಿನಲ್ಲಿ ಆಗಾಗ ಕಾಣಿಸುತ್ತಿದೆ. ಉದ್ದನೆಯ ಕಪ್ಪು ಪೈಪುಗಳು, ತುದಿಯಲ್ಲಿ ಲೋಹದ ದಪ್ಪ ಗಂಟು, ಇನ್ನೊಂದು ತುದಿಯಲ್ಲಿ ಬಾಯಲ್ಲಿ ಕಚ್ಚಿಕೊಳ್ಳುವ ರಬ್ಬರ್. ಸ್ಕೂಬಾ ಡೈವಿಂಗಿನ ರೆಗ್ಯುಲೇಟರ್ ಅದು. ಅದನ್ನು ನೋಡಿ ಉಮ್ಮ ಕೇಳುವ ಮೊದಲ ಪ್ರಶ್ನೆ, "ನೀರಿನಡಿಯಲ್ಲಿ ಇದು ನಿಂತುಹೋದರೆ ಏನು ಗತಿ?" ಎಂದು. ಸರಿಯಾದ ಪ್ರಶ್ನೆಯೇ.

ನಮ್ಮ ಗುಂಡ್ಲುಪೇಟೆಗೂ ಕಡಲಿಗೂ ಸಂಬಂಧವಿಲ್ಲ. ಒಂದು ಕಡೆ ಬಂಡೀಪುರದ ಕಾಡು, ಕೆರೆ ತುಂಬಿದರೆ ಅದೇ ನಮಗೆ ಸಮುದ್ರ. ಆದರೆ ದುಬೈ, ಶಾರ್ಜಾದಲ್ಲಿ ದುಡಿಯುವ ಹುಡುಗರಿಗೆ ಫುಜೈರಾ, ಖೋರ್‌ಫಕ್ಕಾನ್ ಹತ್ತಿರ. ಜಿದ್ದಾದಲ್ಲಿರುವವರಿಗೆ ಕೆಂಪು ಸಮುದ್ರವೇ ಎದುರಿಗಿದೆ. ಇಲ್ಲಿಯೂ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪಕ್ಕೆ ಜನ ಹೋಗುತ್ತಾರೆ. 2022ರಲ್ಲಿ ಬಂದ ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ'ಯಲ್ಲಿ ನೇತ್ರಾಣಿಯ ನೀರಿನಡಿ ನೋಡಿದ ಮೇಲಂತೂ ನಮ್ಮ ಜಿಲ್ಲೆಯ ಹುಡುಗರಿಗೆ ಆಸೆ ಜಾಸ್ತಿಯಾಗಿದೆ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಲಿ. ಬೆನ್ನಿಗೆ ಕಟ್ಟುವುದು ಆಕ್ಸಿಜನ್ ಸಿಲಿಂಡರ್ ಅಲ್ಲ. ನಾವು ಉಸಿರಾಡುವ ಇದೇ ಗಾಳಿಯನ್ನು ಒತ್ತಿ ತುಂಬಿರುತ್ತಾರೆ. ಎಷ್ಟು ಒತ್ತಿರುತ್ತಾರೆ ಎಂದರೆ, ಸುಮಾರು 200 ಬಾರ್. (ಬಾರ್ ಎಂದರೆ ಒತ್ತಡದ ಅಳತೆ. ಬೇರೆ ಬಾರ್ ನೆನಪಾದರೆ ನಾನು ಜವಾಬ್ದಾರನಲ್ಲ.) ಬೈಕಿನ ಟೈರಿನಲ್ಲಿರುವುದು 2 ಬಾರ್ ಆಸುಪಾಸು. ಹಾಗಾಗಿ 11 ಲೀಟರ್ ಹಿಡಿಯುವ ಸಿಲಿಂಡರಿನಲ್ಲಿ ಹತ್ತಿರಹತ್ತಿರ 2,200 ಲೀಟರ್ ಗಾಳಿ ಕೂತಿರುತ್ತದೆ. ಅದು ಹಾಗೆಯೇ ಬಾಯಿಗೆ ಬಂದರೆ ಶ್ವಾಸಕೋಶ ಉಳಿಯುವುದಿಲ್ಲ.

ಆ ಒತ್ತಡವನ್ನು ಎರಡು ಮೆಟ್ಟಿಲಲ್ಲಿ ಇಳಿಸುವುದೇ ರೆಗ್ಯುಲೇಟರಿನ ಕೆಲಸ. ಸಿಲಿಂಡರಿಗೆ ಬಿಗಿಯುವ ಲೋಹದ ಗಂಟಿಗೆ ಫಸ್ಟ್ ಸ್ಟೇಜ್ ಎನ್ನುತ್ತಾರೆ. ಅದು 200 ಬಾರನ್ನು, ಸುತ್ತಲಿನ ನೀರಿನ ಒತ್ತಡಕ್ಕಿಂತ 9-10 ಬಾರ್ ಮಾತ್ರ ಜಾಸ್ತಿ ಇರುವಷ್ಟಕ್ಕೆ ಇಳಿಸುತ್ತದೆ. ಬಾಯಲ್ಲಿ ಕಚ್ಚುವುದು ಸೆಕೆಂಡ್ ಸ್ಟೇಜ್. ಅದರೊಳಗೆ ತೆಳ್ಳನೆಯ ರಬ್ಬರ್ ಪೊರೆ. ನೀವು ಉಸಿರು ಎಳೆದಾಗ ಪೊರೆ ಒಳಗೆ ಬಾಗಿ ಚಿಕ್ಕ ಸನ್ನೆಯನ್ನು ಒತ್ತುತ್ತದೆ, ಗಾಳಿ ಬರುತ್ತದೆ. ಎಳೆಯುವುದು ನಿಲ್ಲಿಸಿದರೆ ಗಾಳಿಯೂ ನಿಲ್ಲುತ್ತದೆ. ಅಡುಗೆಮನೆಯ ರೆಗ್ಯುಲೇಟರ್ ಯಾವಾಗಲೂ ಒಂದೇ ಒತ್ತಡ ಕೊಡುತ್ತದೆ, ಇದು ಆಳಕ್ಕೆ ತಕ್ಕಂತೆ ಕೊಡುತ್ತದೆ. 10 ಮೀಟರ್ ಕೆಳಗೆ ಮೇಲಿನ ಎರಡು ಪಟ್ಟು, 20 ಮೀಟರಿನಲ್ಲಿ ಮೂರು ಪಟ್ಟು. ಅದಕ್ಕೇ ಆಳ ಹೋದಷ್ಟೂ ಸಿಲಿಂಡರ್ ಬೇಗ ಖಾಲಿ.

ಈ ಎರಡು ರೆಗ್ಯುಲೇಟರುಗಳು ದೂರದ ನೆಂಟರೂ ಹೌದು. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಪೆಟ್ರೋಲ್ ಸಿಗದೆ ಕಾರುಗಳನ್ನು ಗ್ಯಾಸಿನಲ್ಲಿ ಓಡಿಸಬೇಕಾಯಿತು. ಏರ್ ಲಿಕ್ವಿಡ್ ಕಂಪನಿಯ ಎಂಜಿನಿಯರ್ ಎಮಿಲ್ ಗಾನ್ಯಾನ್ ಅದಕ್ಕೊಂದು ವಾಲ್ವ್ ಮಾಡಿದ್ದರು. ಅದನ್ನೇ ಉಸಿರಾಟಕ್ಕೆ ಹೊಂದಿಸಿ 1943ರಲ್ಲಿ ಅವರೂ ನೌಕಾಪಡೆಯ ಜಾಕ್ ಕುಸ್ಟೋ ಅವರೂ ಸೇರಿ ಆಕ್ವಾ ಲಂಗ್ ತಯಾರಿಸಿದರು. ಇಂದಿನ ಸ್ಕೂಬಾ ಅಲ್ಲಿಂದ ಬೆಳೆದದ್ದು.

ಇನ್ನು ಉಮ್ಮನ ಪ್ರಶ್ನೆ. ಈಗಿನ ಸೆಕೆಂಡ್ ಸ್ಟೇಜ್‌ಗಳನ್ನು, ಕೆಟ್ಟರೆ ಗಾಳಿ ನಿಲ್ಲದೆ ಹರಿಯುತ್ತಲೇ ಇರುವ ಹಾಗೆ ಮಾಡಿರುತ್ತಾರೆ. ಬುಸುಬುಸು ಎಂದು ಗಾಳಿ ಹರಿಯುವಾಗಲೂ ಉಸಿರಾಡುತ್ತಾ ಮೇಲೆ ಬರಬಹುದು, ತರಬೇತಿಯಲ್ಲಿ ಅದನ್ನು ಕಲಿಸುತ್ತಾರೆ. ಜೊತೆಗೆ ಆಕ್ಟೋಪಸ್ ಎಂಬ ಇನ್ನೊಂದು ಸೆಕೆಂಡ್ ಸ್ಟೇಜ್, ಸಾಮಾನ್ಯವಾಗಿ ಹಳದಿ ಬಣ್ಣದ್ದು, ಪಕ್ಕದಲ್ಲೇ ತೂಗುತ್ತಿರುತ್ತದೆ. ಜೊತೆಗಾರನ ಗಾಳಿ ಮುಗಿದರೆ ಅವನಿಗೂ ಅದೇ. ಆದರೆ ಮೇಲೇರುವಾಗ ಉಸಿರು ಹಿಡಿದುಕೊಳ್ಳಬಾರದು ಎಂಬ ನಿಯಮಕ್ಕೆ ಯಾವ ರೆಗ್ಯುಲೇಟರೂ ಬದಲಿ ಅಲ್ಲ.

ಹಾಗಾದರೆ ಕೊಳ್ಳಬೇಕೇ? ವರ್ಷಕ್ಕೊಮ್ಮೆ ನೇತ್ರಾಣಿಗೆ ಹೋಗಿ ತರಬೇತುದಾರನ ಕೈಹಿಡಿದು ಇಳಿಯುವವನಿಗೆ ಬೇಡವೇ ಬೇಡ. ಅಲ್ಲಿ ಸಲಕರಣೆ ಅವರೇ ಕೊಡುತ್ತಾರೆ, ಆ ಬಗೆಯ ಇಳಿತಕ್ಕೆ 12 ಮೀಟರಿನ ಮಿತಿಯೂ ಇದೆ. ಅಂಥವನು ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್ ಒಂದನ್ನು ಸ್ವಂತಕ್ಕೆ ಇಟ್ಟುಕೊಂಡರೆ ಸಾಕು. ಓಪನ್ ವಾಟರ್ ಕೋರ್ಸ್ ಮುಗಿಸಿ 18 ಮೀಟರಿನವರೆಗೆ ಇಳಿಯಲು ಅರ್ಹತೆ ಪಡೆದು, ತಿಂಗಳಿಗೊಮ್ಮೆಯಾದರೂ ನೀರಿಗಿಳಿಯುವ ಗಲ್ಫ್‌ನ ಹುಡುಗನ ಮಾತು ಬೇರೆ. ಅವನು ಕೊಳ್ಳಲಿ.

ಅಂಗಡಿಯಲ್ಲಿ ಅವನ ತಲೆ ತಿನ್ನುವ ಪದಗಳು ಹಲವು. ಪಿಸ್ಟನ್ ಬೇಕೋ ಡಯಾಫ್ರಾಮ್ ಬೇಕೋ ಎಂಬ ಚರ್ಚೆ ರಾತ್ರಿಯಿಡೀ ನಡೆದರೂ ಮುಗಿಯದು. 18 ಮೀಟರಿನಲ್ಲಿ ಮೀನು ನೋಡುವವನಿಗೆ ಎರಡೂ ಆದೀತು. ಬ್ಯಾಲೆನ್ಸ್ಡ್ ಎಂಬ ಮಾತಿಗೆ ಮಾತ್ರ ಬೆಲೆ ಕೊಡಬಹುದು. ಬ್ಯಾಲೆನ್ಸ್ಡ್ ಅಲ್ಲದ್ದರಲ್ಲಿ ಸಿಲಿಂಡರ್ ಖಾಲಿಯಾಗುತ್ತಾ ಬಂದಂತೆ ಉಸಿರು ಎಳೆಯುವುದು ಸ್ವಲ್ಪ ಬಿಗಿಯಾಗುತ್ತದೆ, ಬ್ಯಾಲೆನ್ಸ್ಡ್ ಆದರೆ ಕೊನೆಯವರೆಗೂ ಒಂದೇ ಸಮ. ತಣ್ಣೀರಿಗೆಂದು ಮಾಡಿದ ಮಾಡೆಲಿಗೆ ಜಾಸ್ತಿ ದುಡ್ಡು ಕೇಳುತ್ತಾರೆ. ಅದು 10 ಡಿಗ್ರಿಗಿಂತ ಕಡಿಮೆ ಉಷ್ಣತೆಯ ನೀರಿಗೆ. ಅರಬ್ಬಿ ಸಮುದ್ರದಲ್ಲಿ ಅದರ ಅಗತ್ಯವಿಲ್ಲ, ಉಪ್ಪು, ಮರಳು ಒಳಗೆ ಹೋಗದಂತೆ ಸೀಲ್ ಇರುವುದೊಂದೇ ಲಾಭ.

ಸಿಲಿಂಡರಿಗೆ ಜೋಡಿಸುವ ರೀತಿಯಲ್ಲೂ ಎರಡು ಬಗೆ. ಯೋಕ್ ಎಂದರೆ ಮೇಲಿನಿಂದ ಹಿಡಿದು ತಿರುಪಿನಿಂದ ಬಿಗಿಯುವುದು. ಡಿನ್ ಎಂದರೆ ವಾಲ್ವಿನೊಳಗೇ ತಿರುಗಿಸಿ ಕೂರಿಸುವುದು. ಡಿನ್ ಕೊಂಡವನು ಚಿಕ್ಕದೊಂದು ಅಡಾಪ್ಟರ್ ಇಟ್ಟುಕೊಂಡರೆ ಯೋಕ್ ಸಿಲಿಂಡರಿಗೂ ಹಾಕಬಹುದು. ನೀವು ಇಳಿಯುವ ಜಾಗದಲ್ಲಿ ಯಾವ ಸಿಲಿಂಡರ್ ಎಂದು ಮೊದಲೇ ಫೋನ್ ಮಾಡಿ ಕೇಳಿ.

ಇಷ್ಟೆಲ್ಲ ಕೇಳಿದ ಮೇಲೂ ಹೆಚ್ಚಿನವರು ಮರೆಯುವ ಪ್ರಶ್ನೆ ಒಂದಿದೆ. ಇದನ್ನು ಸರ್ವಿಸ್ ಮಾಡುವವರು ಎಲ್ಲಿದ್ದಾರೆ? ನನ್ನ ಕೇಳಿದರೆ ಮೊದಲ ಪ್ರಶ್ನೆಯೇ ಅದಾಗಬೇಕು. ಒಳಗಿನ ಓ-ರಿಂಗ್, ಸೀಟ್ ಎಲ್ಲ ಸವೆಯುವ ವಸ್ತುಗಳು, ಉಪಯೋಗಿಸದೆ ಪೆಟ್ಟಿಗೆಯಲ್ಲಿಟ್ಟರೂ ರಬ್ಬರ್ ಗಟ್ಟಿಯಾಗುತ್ತದೆ. ಕಂಪನಿಗಳು ವರ್ಷಕ್ಕೊಮ್ಮೆ, ಕೆಲವು ಎರಡು ವರ್ಷಕ್ಕೊಮ್ಮೆ ಬಿಚ್ಚಿ ಸರ್ವಿಸ್ ಮಾಡಿಸಲು ಹೇಳುತ್ತವೆ. ಆ ಕಂಪನಿಯ ಬಿಡಿಭಾಗ ಸಿಗಬೇಕು, ಅದರ ತರಬೇತಿ ಪಡೆದ ಮೆಕ್ಯಾನಿಕ್ ಬೇಕು. ಸ್ಕೂಬಾಪ್ರೊ, ಮಾರೆಸ್, ಕ್ರೆಸ್ಸಿ, ಏಪೆಕ್ಸ್ ಎಲ್ಲವೂ ಹೆಸರುವಾಸಿಯೇ. ಆದರೆ ನೀವಿರುವ ಊರಿನಲ್ಲಿ ಬಿಚ್ಚಿ ಕೂಡಿಸುವವರಿಲ್ಲದ ದುಬಾರಿ ರೆಗ್ಯುಲೇಟರಿಗಿಂತ, ಸರ್ವಿಸ್ ಸಿಗುವ ಸಾಧಾರಣದ್ದೇ ಮೇಲು. ಗ್ಯಾಸ್ ರಿಪೇರಿಯವನ ಕೈಗೆ ಕೊಡುವ ವಸ್ತು ಇದಲ್ಲ.

ನಮ್ಮ ಮದ್ರಸದಲ್ಲಿ ಓದಿದ ಹುಡುಗನೊಬ್ಬ ಕಳೆದ ರಜೆಗೆ ಬಂದಾಗ ಒಂದು ಸೆಟ್ ತಂದಿದ್ದ. ರೂಮಿನಲ್ಲಿದ್ದ ಗೆಳೆಯ ಊರು ಬಿಡುವಾಗ ಕೊಟ್ಟುಹೋದದ್ದಂತೆ. "ಉಸ್ತಾದ್, ತಮ್ಮ ಕೋರ್ಸಿಗೆ ಸೇರುತ್ತಾನಂತೆ, ಅವನಿಗೆ ಕೊಟ್ಟುಬಿಡಲಾ?" ಎಂದ. ಫಸ್ಟ್ ಸ್ಟೇಜಿನ ಬಾಯಲ್ಲಿ ಚಿಕ್ಕದೊಂದು ಲೋಹದ ಫಿಲ್ಟರ್ ಇರುತ್ತದೆ, ನೋಡು ಎಂದೆ. ಹಸಿರು ತಿರುಗಿತ್ತು. ಹಸಿರು ಎಂದರೆ ನೀರು ಒಳಹೊಕ್ಕಿದೆ ಎಂದರ್ಥ. ಕೆಂಪಗಿದ್ದರೆ ತುಕ್ಕು ಹಿಡಿದ ಸಿಲಿಂಡರಿನ ಪುಡಿ. ಪೈಪನ್ನು ಲೋಹ ಸೇರುವ ಜಾಗದಲ್ಲಿ ಸ್ವಲ್ಪ ಬಗ್ಗಿಸಿದರೆ ಕೂದಲೆಳೆಯಂಥ ಬಿರುಕು. ಇನ್ನೊಂದು ಪರೀಕ್ಷೆಯೂ ಸುಲಭ. ಸಿಲಿಂಡರಿಗೆ ಜೋಡಿಸದೆ, ಮುಚ್ಚಳ ಹಾಕಿಯೇ ಬಾಯಲ್ಲಿಟ್ಟು ಎಳೆಯಬೇಕು. ಗಾಳಿ ಬರಬಾರದು. ಬಂದರೆ ಪೊರೆಯೋ ಹೊರಗೆ ಉಸಿರು ಬಿಡುವ ವಾಲ್ವೋ ಹರಿದಿದೆ. ಆ ಸೆಟ್ ವಾಪಸ್ ದುಬೈಗೆ ಹೋಯಿತು, ಸರ್ವಿಸಿಗೆ. ಪುಕ್ಕಟೆ ಬಂದ ರೆಗ್ಯುಲೇಟರಿನ ನಿಜವಾದ ಬೆಲೆ ಸರ್ವಿಸ್ ಬಿಲ್ಲಿನಲ್ಲಿ ಗೊತ್ತಾಗುತ್ತದೆ.

ಹೊಸದಾಗಲಿ ಹಳೆಯದಾಗಲಿ, ಕಡಲಿಂದ ಬಂದ ದಿನವೇ ಸಿಹಿನೀರಿನಲ್ಲಿ ತೊಳೆಯಬೇಕು. ಫಸ್ಟ್ ಸ್ಟೇಜಿನ ಮುಚ್ಚಳ ಒರೆಸಿ ಬಿಗಿಯಾಗಿ ಹಾಕಿಯೇ ನೀರಿಗಿಡಬೇಕು, ಆಗ ಮುಂದಿನ ಗುಂಡಿ ಒತ್ತಬಾರದು. ಒತ್ತಿದರೆ ನೀರು ಪೈಪಿನೊಳಗೆ. ನೆರಳಲ್ಲಿ ಒಣಗಿಸಿ, ಪೈಪುಗಳನ್ನು ಮಡಚದೆ ದೊಡ್ಡ ಸುತ್ತಾಗಿ ಇಡಿ. ಜಿರಳೆ ಹೋಗದ ಡಬ್ಬದಲ್ಲಿ ಎಂದು ಬೇರೆ ಹೇಳಬೇಕಿಲ್ಲ.

ರೆಗ್ಯುಲೇಟರಿನದಲ್ಲದ ಇನ್ನೊಂದು ಮಾತು, ಘಟ್ಟದ ಮೇಲಿನ ನಮಗೆ ಮಾತ್ರ. ಡೈವ್ ಮಾಡಿದ ಮೇಲೆ ರಕ್ತದಲ್ಲಿ ಸೇರಿದ ನೈಟ್ರೋಜನ್ ಹೊರಹೋಗಲು ಸಮಯ ಬೇಕು. ಒಂದೇ ಡೈವ್ ಆದರೆ 12 ಗಂಟೆ, ಎರಡು-ಮೂರು ಆದರೆ 18 ಗಂಟೆ ವಿಮಾನ ಹತ್ತಬಾರದು ಎನ್ನುವುದು ಇದಕ್ಕೇ. ವಿಮಾನದ ಒಳಗಿನ ಒತ್ತಡ ಸಾವಿರಾರು ಅಡಿ ಎತ್ತರದ ಬೆಟ್ಟದ ಮೇಲಿನಂತೆ ಇರುತ್ತದೆ. ಗುಂಡ್ಲುಪೇಟೆ ಇರುವುದೇ ಎರಡೂವರೆ ಸಾವಿರ ಅಡಿಗೂ ಎತ್ತರದಲ್ಲಿ, ನಡುವಿನ ಘಟ್ಟ ಬೇರೆ. ಹಾಗಾಗಿ ನೇತ್ರಾಣಿಯಿಂದ ಬಂದು ಅದೇ ಸಂಜೆ ಮೈಸೂರಿನ ಬಸ್ಸು ಹಿಡಿಯುವ ಬದಲು, ಉಡುಪಿಯಲ್ಲೋ ಮಂಗಳೂರಲ್ಲೋ ನೆಂಟರ ಮನೆಯಲ್ಲಿ ರಾತ್ರಿ ಉಳಿಯಿರಿ. ಎರಡನೇ ಡೈವ್ ಮಧ್ಯಾಹ್ನ 12ಕ್ಕೆ ಮುಗಿದರೆ ಮರುದಿನ ಬೆಳಿಗ್ಗೆ 6ಕ್ಕೆ 18 ಗಂಟೆ ತುಂಬುತ್ತದೆ, ಚಾ ಕುಡಿದು ಹೊರಡಬಹುದು.