ಓದಿನ ಜಾಡಿಗೂ ಕವಲುಂಟು

ಕಲಾದಗಿ ಸೀಮೆಯ ಬಗ್ಗೆ ನಲವತ್ತು ಟಿಪ್ಪಣಿಗಳ ಪುಟ್ಟ ಜ್ಞಾನಕೋಶವೊಂದನ್ನು ಕಂಪ್ಯೂಟರಿನಲ್ಲಿ ಕಟ್ಟುವುದು ದೊಡ್ಡ ಕೆಲಸವಲ್ಲ. ಪ್ರತಿ ಟಿಪ್ಪಣಿಗೆ ಒಂದು ಸಂಖ್ಯೆ, ಒಂದು ಹೆಸರು, ಒಂದಿಷ್ಟು ಬರಹ, ಬರಹದೊಳಗೆ ಬೇರೆ ಟಿಪ್ಪಣಿಗಳಿಗೆ ಕೊಂಡಿ. ಪೈಥಾನ್ ಕಲಿಯುತ್ತಿರುವ ಹೈಸ್ಕೂಲು ಹುಡುಗಿಯೂ ಬರೆದಾಳು. ಸಂಖ್ಯೆ ಮಾತ್ರ ಬೇಕೇ ಬೇಕು, ಈ ಸೀಮೆಯಲ್ಲಿ ಹೆಸರುಗಳು ನಿಂತಲ್ಲಿ ನಿಲ್ಲುವುದಿಲ್ಲ. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಾಪುರಕ್ಕೆ ಹೋಯಿತು, 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು, 2014ರಲ್ಲಿ ವಿಜಾಪುರವೇ ವಿಜಯಪುರವಾಯಿತು. ಸಾಲದ್ದಕ್ಕೆ ಯುನಿಕೋಡಿನಲ್ಲಿ ಐಹೊಳೆಯ ‘ಹೊ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡರ ಜೋಡಣೆಯಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಹೆಸರನ್ನೇ ನಂಬಿದ ಕೊಂಡಿ ಇಂಥಲ್ಲಿ ಕಡಿದುಹೋಗುತ್ತದೆ. ಇಲ್ಲಿಯವರೆಗೆ ಯಾರ ತಕರಾರೂ ಇರಲಾರದು. ನನ್ನ ತಕರಾರಿರುವುದು ಓದುಗ ನಡೆದ ದಾರಿಯನ್ನು ಪ್ರೋಗ್ರಾಮು ನೆನಪಿಡುವ ರೀತಿಯ ಬಗ್ಗೆ.

ಬ್ರೌಸರಿನ ಹಿಂದೆ-ಮುಂದೆ ಗುಂಡಿಗಳನ್ನು ಪಾಠಗಳಲ್ಲಿ ಸಾಮಾನ್ಯವಾಗಿ ಎರಡು ಸ್ಟ್ಯಾಕ್‌ಗಳಿಂದ ಮಾಡಿಸುತ್ತಾರೆ. ಸ್ಟ್ಯಾಕ್ ಎಂದರೆ ಬುಟ್ಟಿಯಲ್ಲಿ ಪೇರಿಸಿದ ಜೋಳದ ರೊಟ್ಟಿ: ಕೊನೆಗೆ ಇಟ್ಟದ್ದು ಮೊದಲು ಕೈಗೆ ಬರುತ್ತದೆ. ಹಿಂದೆ ಒತ್ತಿದರೆ ಈಗಿನ ಪುಟ ‘ಮುಂದೆ’ಯ ಸ್ಟ್ಯಾಕಿಗೆ ಹೋಗುತ್ತದೆ. ಆಗ ಹೊಸ ಕೊಂಡಿಯೊಂದನ್ನು ಒತ್ತಿದಿರೋ, ಆ ಸ್ಟ್ಯಾಕು ಪೂರ್ತಿ ಖಾಲಿ. ಓದುಗನೊಬ್ಬ ಕಲಾದಗಿಯ ಟಿಪ್ಪಣಿಯಿಂದ ಹೊರಟನೆನ್ನಿ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಊರಿನ ಹೆಸರಿನಿಂದಲೇ ಗುರುತಿಸಿದ ಶಿಲಾಸರಣಿಗೆ ಬಂದ, ಅಲ್ಲಿಂದ ಬಾದಾಮಿಯ ಕೆಂಪು ಮರಳುಗಲ್ಲಿಗೆ, ಅದರಲ್ಲಿ ಕೊರೆದ ಮೂರನೆಯ ಗುಹೆಗೆ, ಅಲ್ಲಿನ 578ರ ಮಂಗಳೇಶನ ಶಾಸನಕ್ಕೆ, ಅವನ ಅಣ್ಣನ ಮಗ ಇಮ್ಮಡಿ ಪುಲಕೇಶಿಗೆ, ಕೊನೆಗೆ ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿ 634ರಲ್ಲಿ ಬರೆದ ಪ್ರಶಸ್ತಿಗೆ. ಈಗ ಮರಳುಗಲ್ಲಿಗೆ ಹಿಂದಿರುಗಿ ಪಟ್ಟದಕಲ್ಲಿನ ಕೊಂಡಿ ಒತ್ತಿದರೆ, ಗುಹೆಯಿಂದ ಮೇಗುಟಿಯವರೆಗಿನ ಇಡೀ ಕವಲು ಹಿಂದೆ-ಮುಂದೆಯ ಲೆಕ್ಕದಿಂದ ಅಳಿಸಿಹೋಗುತ್ತದೆ. ಅಳಿಸಿದ್ದು ಓದುಗನಲ್ಲ, ಪ್ರೋಗ್ರಾಮು.

ಕೊಂಡಿಗಳು ಹೇಗೂ ಉಳಿದಿವೆಯಲ್ಲ, ದಾರಿ ಯಾಕೆ ಬೇಕು ಎನ್ನಬಹುದು. ಟಿಪ್ಪಣಿಗೆ ಐದೇ ಕೊಂಡಿ ಇದ್ದರೂ ಒಂದು ಟಿಪ್ಪಣಿಯಿಂದ ನಾಲ್ಕು ಹೆಜ್ಜೆಯ ದಾರಿಗಳು 625 ಆಗುತ್ತವೆ. ಹೋಗಬಹುದಾದ ದಾರಿಗಳನ್ನಷ್ಟೇ ಕೊಂಡಿಗಳು ಹೇಳುತ್ತವೆ. ಕಲ್ಲಿನ ಗುಣದಿಂದ ಹೊರಟವನು ಕಾವ್ಯಕ್ಕೆ ಹೇಗೆ ತಲುಪಿದ ಎಂಬುದು ಜಾಡಿನಲ್ಲಿ ಮಾತ್ರ ಇರುತ್ತದೆ. 1945ರಲ್ಲಿ ವ್ಯಾನಿವರ್ ಬುಷ್ ‘ಮೆಮೆಕ್ಸ್’ ಎಂಬ ಯಂತ್ರವನ್ನು ಕಲ್ಪಿಸಿದಾಗ ಅದರ ಜೀವಾಳವೇ ಇಂಥ ಜಾಡು: ಓದುಗ ತನ್ನ ದಾರಿಯನ್ನು ಉಳಿಸಿಕೊಂಡು ಗೆಳೆಯನಿಗೂ ಪ್ರತಿ ಕೊಡಬಹುದಿತ್ತು. ಆ ಯಂತ್ರ ತಯಾರಾಗಲೇ ಇಲ್ಲ. ಮುಂದೆ 1989ರಲ್ಲಿ ಟಿಮ್ ಬರ್ನರ್ಸ್-ಲೀ ಪ್ರಸ್ತಾಪಿಸಿದ ಜಾಲದಲ್ಲಿ ಕೊಂಡಿಗೆ ಸಿಕ್ಕ ಮನ್ನಣೆ ಜಾಡಿಗೆ ಸಿಗಲಿಲ್ಲ.

ಪರಿಹಾರ ಸುಲಭ. ಪ್ರತಿ ಭೇಟಿಗೂ ಒಂದು ದಾಖಲೆ ಮಾಡಿ, ಅದರಲ್ಲಿ ಟಿಪ್ಪಣಿಯ ಸಂಖ್ಯೆ, ಯಾವ ಭೇಟಿಯಿಂದ ಇಲ್ಲಿಗೆ ಬಂದದ್ದು ಎಂಬ ಸಂಖ್ಯೆ, ಮತ್ತು ಹೊತ್ತು ಇರಲಿ. ಎರಡು ಸ್ಟ್ಯಾಕುಗಳ ಜಾಗದಲ್ಲಿ ಒಂದು ಮರ ಬೆಳೆಯುತ್ತದೆ. ದಾಖಲಾಗುವುದು ಟಿಪ್ಪಣಿಯಲ್ಲ, ಭೇಟಿ ಎಂಬುದನ್ನು ಮರೆಯಬಾರದು: ಕಲ್ಲಿನ ದಾರಿಯಲ್ಲಿ ಬಾದಾಮಿಗೆ ಬಂದದ್ದೂ ಶಾಸನದ ದಾರಿಯಲ್ಲಿ ಬಂದದ್ದೂ ಎರಡು ಬೇರೆ ಭೇಟಿಗಳು. ಜಾಗ ಸಾಲದು ಎಂಬ ಆಕ್ಷೇಪಕ್ಕೆ ಲೆಕ್ಕವೇ ಉತ್ತರ. ಎರಡು ಸಂಖ್ಯೆಗೆ ನಾಲ್ಕು ನಾಲ್ಕು ಬೈಟ್, ಹೊತ್ತಿಗೆ ಎಂಟು. ಸಾವಿರ ಭೇಟಿಗೆ 16,000 ಬೈಟ್. ಮೊಬೈಲಿನ ಒಂದು ಫೋಟೋ ಇದರ ಎಷ್ಟೋ ಪಟ್ಟು ದೊಡ್ಡದು. ಮರ ಕಂಡು ಓದುಗ ಗಲಿಬಿಲಿಗೊಳ್ಳುತ್ತಾನೆ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಆದರೆ ಅವನು ಮರವನ್ನು ನೋಡಲೇಬೇಕಿಲ್ಲ. ‘ಹಿಂದೆ’ ಒತ್ತಿದರೆ ಬಂದ ಭೇಟಿಗೆ, ‘ಮುಂದೆ’ ಒತ್ತಿದರೆ ಕೊನೆಯ ಬಾರಿ ಹಿಡಿದ ಕವಲಿಗೆ ಹೋದರಾಯಿತು. ಬೇಕೆನಿಸಿದಾಗ ಉಳಿದ ಕವಲುಗಳು ಕಾಣಲಿ. ವಿಮ್ ಎಂಬ ಬರಹ-ಸಂಪಾದಕ 2006ರಲ್ಲಿ ತನ್ನ ರದ್ದತಿಯ ಇತಿಹಾಸವನ್ನು ಹೀಗೆಯೇ ಮರವಾಗಿಸಿತು, ಹಳೆಯ ಆಜ್ಞೆಗಳನ್ನು ಬಿಡಿಸದೆ.

ಜಾಡಿನಲ್ಲಿ ಬರೀ ಅಲೆದಾಟವೂ ತುಂಬಿರುತ್ತದೆ, ನಿಜ. ಅದನ್ನು ಕತ್ತರಿಸುವ ಹಕ್ಕು ಓದುಗನದು, ಗುಂಡಿಯದಲ್ಲ. ಖಾಸಗಿತನದ ಪ್ರಶ್ನೆಗೂ ಇದೇ ಉತ್ತರ: ದಾಖಲೆ ಅವನ ಯಂತ್ರದಲ್ಲೇ ಇರಲಿ, ಅಳಿಸುವ ಆಜ್ಞೆ ಅವನ ಕೈಯಲ್ಲಿರಲಿ. ಬಾದಾಮಿ, ಹುನಗುಂದ, ಇಳಕಲ್ಲಿನ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಮೇಷ್ಟ್ರುಗಳು ಸ್ಟ್ಯಾಕಿನ ಪಾಠ ಮುಗಿಸಿದ ಮೇಲೆ ಈ ಮರವನ್ನೂ ಮಕ್ಕಳ ಕೈಯಲ್ಲಿ ಬರೆಸಲಿ; ಟಿಪ್ಪಣಿಗಳಿಗೆ ವಿಷಯ ಅವರ ಸುತ್ತಲೇ ಇದೆ.